ಖಟ್ಟಾಕ್ಕೆ ಬಿದ್ದ ಹಕ್ಕಿ

ನನಗೊಂದು ಹುಚ್ಚು ಹಿಡಿದರೆ ಮನೆಯಲ್ಲಿ ಬೇರೆ ಯಾರಿಗೂ ನೆಮ್ಮದಿ ಇರುವುದಿಲ್ಲ ಎಂದು ನನ್ನ ಗಂಡ ಹೇಳುತ್ತಾನೆ. ಹೇಳಿಕೊಳ್ಳಲಿ. ಅವನಿಗೆ ಕ್ರಿಕೆಟ್ಟಿದೆ, ನನಗೆ ಮಣ್ಣು. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ವಾರವಿಡೀ ಮೀಟಿಂಗುಗಳಲ್ಲಿ ತಲೆಯಾಡಿಸಿ, ಸಂಜೆ ಸೇತುವೆಯ ಮೇಲಿನ ಟ್ರಾಫಿಕ್ಕಿನಲ್ಲಿ ಕೂತು ಮುಂದಿನ ಕಾರಿನವನನ್ನು ಬೈದು, ಶನಿವಾರ ಬೆಳಿಗ್ಗೆ ಯೂನಿಯನ್ ಸಿಟಿಯ ನಮ್ಮ ಮನೆಗೆ ಹತ್ತಿರದ ಸ್ಟುಡಿಯೋದಲ್ಲಿ ಮಣ್ಣು ಕಲಸಲು ಕೂತರೆ ಅಷ್ಟೂ ಸಿಟ್ಟು ಇಳಿಯುತ್ತದೆ. ನನ್ನ ಕೈಯ ಮಡಕೆಗಳು ಸೊಟ್ಟಗಿರುತ್ತವೆ. ಅದರ ಬಗ್ಗೆ ನನಗೇನೂ ಬೇಸರವಿಲ್ಲ.

ಆ ಸ್ಟುಡಿಯೋಗೆ ಒಂದು ರಂಜಾನ್ ತಿಂಗಳಲ್ಲಿ ಅರಿಜೋನಾದಿಂದ, ಅಲ್ಲಿನ ಮೂಲನಿವಾಸಿಗಳಾದ ಹೋಪಿ-ಟೇವಾ ಜನಾಂಗದ ಒಬ್ಬ ಕುಂಬಾರ ಮಹಿಳೆ ಕಲಿಸಲು ಬರುತ್ತಾರೆ ಎಂಬ ಸುದ್ದಿ ಬಂತು. ಜೊತೆಗೊಂದು ಚಿತ್ರ ಕಳಿಸಿದ್ದರು. ಏಪ್ರಿಕಾಟ್ ಹಣ್ಣಿನ ಬಣ್ಣದ, ಚಪ್ಪಟೆ ಹೆಗಲಿನ ಮಡಕೆ. ಅದರ ಮೇಲೆ ಕಪ್ಪು, ಕೆಂಪು ಗೆರೆಗಳಲ್ಲಿ ಸುತ್ತಿಕೊಂಡ ರೆಕ್ಕೆ, ಗರಿ, ಬಾಗಿದ ಕೊಕ್ಕು. ಮೀಟಿಂಗಿನ ನಡುವೆ ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ಮ್ಯಾನೇಜರು ನನ್ನ ಅಭಿಪ್ರಾಯ ಕೇಳಿದಾಗ “ರೆಕ್ಕೆ ಚೆನ್ನಾಗಿದೆ” ಅನ್ನುವುದೊಂದು ಬಾಕಿಯಿತ್ತು. ಅವರನ್ನು ಯಾರ ಮನೆಯಲ್ಲಿ ಉಳಿಸಿಕೊಳ್ಳಬಹುದು ಎಂದು ಸ್ಟುಡಿಯೋದವರು ಕೇಳಿದ ಕೂಡಲೇ ಕೈ ಎತ್ತಿಬಿಟ್ಟೆ. ನಮ್ಮ ಮನೆಯಲ್ಲಿ ಖಾಲಿ ಕೋಣೆ ಇಲ್ಲ ಎಂಬುದು ಆಮೇಲೆ ನೆನಪಾಯಿತು.

ಗಂಡ ಆ ವಾರ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದ, ಹಾಗಾಗಿ ತಕರಾರು ಮಾಡುವವರು ಒಬ್ಬರು ಕಡಿಮೆ. ಹೈಸ್ಕೂಲಿನಲ್ಲಿರುವ ಮಗಳ ಕೋಣೆಯನ್ನು ಅತಿಥಿಗೆ ಬಿಡಿಸಿ, ಮಗಳನ್ನು ಅವಳ ದಾದಿಯ ಕೋಣೆಗೆ ಸಾಗಿಸಿದೆ. ದಾದಿ ಅಂದರೆ ನನ್ನತ್ತೆ. ನಮ್ಮ ಜೊತೆಯಲ್ಲೇ ಇರುತ್ತಾರೆ. ಅತ್ತೆ ಬಾಗಲಕೋಟೆ ಕಡೆಯವರು, ನಾನು ಮೈಸೂರಿನವಳು. ಅವರ ಕನ್ನಡ ಮಗಳಿಗೆ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅಜ್ಜಿ ಮೊಮ್ಮಗಳ ಜಗಳಕ್ಕೆ ಮಾತ್ರ ಇದರಿಂದ ಏನೂ ಅಡ್ಡಿಯಾಗಿಲ್ಲ.

ಬುಧವಾರ ಮಧ್ಯಾಹ್ನ ಒಂದು ಹಳೆಯ ಪಿಕಪ್ ಟ್ರಕ್ಕು ನಮ್ಮ ಮನೆಯೆದುರು ನಿಂತಿತು. ಇಳಿದವರಿಗೆ ಅರವತ್ತರ ಆಸುಪಾಸು, ಗಿಡ್ಡ, ನಗುವ ಮುಖ, ಬೆರಳುಗಳ ಸಂದಿಯಲ್ಲಿ ತೊಳೆದರೂ ಹೋಗದ ಮಣ್ಣು. ಟ್ರಕ್ಕಿನ ಹಿಂದೆ ಗೋಣಿಚೀಲಗಳ ರಾಶಿ. ಅತ್ತೆ ಬಾಗಿಲಿಗೆ ಬಂದವರೇ ಮೂಗರಳಿಸಿದರು.

“ಕುರಿ ಹಿಕ್ಕಿ ಅಲ್ಲೇನ ಇದು?”

ಹೌದು, ಮಡಕೆ ಸುಡಲು ಒಣಗಿದ ಕುರಿಹಿಕ್ಕೆಯ ಹೆಂಟೆಗಳನ್ನೇ ಅವರು ಅಷ್ಟು ದೂರದಿಂದ ಹೊತ್ತು ತಂದಿದ್ದರು. ಅತ್ತೆಗೆ ಆದ ಸಂತೋಷ ನೋಡಬೇಕಿತ್ತು. ಒಂದು ಹೆಂಟೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ, “ಈ ದೇಶಕ್ಕ ಬಂದಮ್ಯಾಲೆ ಗುರುತಿನ ವಾಸನಿ ಬಂದದ್ದು ಇವತ್ತ ನೋಡ” ಎಂದರು. ಆ ಗಳಿಗೆಯಿಂದ ಅತಿಥಿ ಅವರ ಬಾಯಲ್ಲಿ ‘ಗಡಿಗಿ ಅಕ್ಕ’ ಆದರು. ನಾವೂ ಹಾಗೇ ಕರೆದೆವು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿತ್ತು, ಆದರೆ ನನ್ನ ನೆನಪಿನಲ್ಲಿ ಅದು ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

ಗಡಿಗೆ ಅಕ್ಕ ತಮ್ಮ ಜೊತೆ ಒಂದು ಮಡಕೆ ತಂದಿದ್ದರು, ನಾನು ಚಿತ್ರದಲ್ಲಿ ನೋಡಿದಂಥದ್ದೇ. ಯಾರ ಕೈಯೂ ತಗುಲದ ಜಾಗ ಬೇಕೆಂದಾಗ ಅತ್ತೆಯ ಕೋಣೆಯ ಎತ್ತರದ ಬೀರು ತೋರಿಸಿದೆ. ಅಲ್ಲೊಂದು ತೊಡಕು. ಅತ್ತೆ ನಮಾಜು ಮಾಡುವ ಕೋಣೆಯಲ್ಲಿ ಜೀವವಿರುವ ಪ್ರಾಣಿ ಪಕ್ಷಿಗಳ ಚಿತ್ರ ಇಡುವುದಿಲ್ಲ. ಅವರು ಕನ್ನಡಕ ಹಾಕಿಕೊಂಡು, ಬೀರುವಿನ ಎದುರು ನಿಂತು, ಮುಖದ ಮಟ್ಟಕ್ಕಿದ್ದ ಮಡಕೆಯನ್ನು ಆ ಕಡೆ ಈ ಕಡೆಯಿಂದ ತನಿಖೆ ಮಾಡಿದರು.

“ಹಕ್ಕಿ ಹಕ್ಕಿ ಅಂತಿ, ಎಲ್ಲೈತಿ? ಕಣ್ಣಿಲ್ಲ, ಕಾಲಿಲ್ಲ. ಹಕ್ಕಿ ಅಲ್ಲ ಬಿಡು ಇದು, ರಂಗೋಲಿ. ಇರ್ಲಿ.”

ನಾನು ಇದನ್ನು ಹೇಳಿದಾಗ ಗಡಿಗೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಲ್ಲ, ಅದು ಹಕ್ಕಿಯೇ, ನೋಡುವ ಜಾಗ ಬೇರೆ ಎಂದರು. ನನಗೂ ಆಗ ಅದು ತಲೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ, ಅತ್ತೆ ತಮ್ಮ ಕೋಣೆಯಲ್ಲಿ ಕುರಾನ್ ಓದುತ್ತಿದ್ದಾಗ, ಗಡಿಗೆ ಅಕ್ಕ ಅಡುಗೆಮನೆಯ ಮೇಜಿನ ಮೇಲೆ ತಮ್ಮ ಸಾಮಾನು ಬಿಚ್ಚಿದರು. ಅದಕ್ಕೆ ಮೊದಲು ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗಿ ಕುಡಿದು ಬಂದಿದ್ದರು, ಉಪವಾಸ ಇರುವವರ ಮುಂದೆ ಕುಡಿಯಬಾರದೆಂದು. ಇದು ನಾವು ಹೇಳಿಕೊಟ್ಟದ್ದಲ್ಲ. ಮೇಜಿನ ಮೇಲೆ ಬಂದದ್ದು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವರಿಗೆ ಬಂದ ನುಣುಪುಗಲ್ಲುಗಳು. ಕತ್ತಾಳೆಯಂಥ ಯುಕ್ಕಾ ಗಿಡದ ಎಲೆಯ ತುದಿಯನ್ನು ಹಲ್ಲಿನಲ್ಲಿ ಅಗಿದು ಎಳೆ ಎಳೆ ಮಾಡಿದ ಕುಂಚಗಳು. ಗುಳಿ ಬಿದ್ದ ತೇಯುವ ಕಲ್ಲು. ಕಬ್ಬಿಣದಂಥ ಒಂದು ಕರಿ ಕಲ್ಲು. ಕೊನೆಗೆ ಮುಸುಕಿನ ಜೋಳದ ಒಣ ಸಿಪ್ಪೆಯಲ್ಲಿ ಸುತ್ತಿ ದಾರ ಕಟ್ಟಿದ ಒಂದು ಗಂಟು. ಅದನ್ನು ಅವರು ಎರಡೂ ಕೈಯಲ್ಲಿ ಇಟ್ಟರು.

ಅದರೊಳಗೆ ಕಪ್ಪಗೆ, ಜಿಗುಟಾಗಿ ಗಟ್ಟಿಯಾದ ಒಂದು ಉಂಡೆ. ಅವರ ಕಡೆ ವಸಂತದಲ್ಲಿ ಕಾಡು ಸಾಸಿವೆ ಸೊಪ್ಪು ಬೆಳೆಯುತ್ತದಂತೆ. ಎಳೆಯದನ್ನು ಬೇಯಿಸಿ ತಿನ್ನುತ್ತಾರೆ. ಉಳಿದದ್ದನ್ನು ಕುದಿಸಿ, ಹಿಂಡಿ, ಆ ರಸವನ್ನು ಮತ್ತೆ ಕಾಸಿ ಕಾಸಿ ಗಟ್ಟಿ ಮಾಡಿ ಕಟ್ಟಿಡುತ್ತಾರೆ. ಕರಿ ಕಲ್ಲನ್ನು ಇದರ ಜೊತೆ ತೇಯ್ದರೆ ಬಣ್ಣವಾಗುತ್ತದೆ. ಇದು ಸೇರದಿದ್ದರೆ ಕಲ್ಲಿನ ಕಪ್ಪು ಮಡಕೆಗೆ ಅಂಟುವುದಿಲ್ಲ. ಬೆಂಕಿಯಿಂದ ತೆಗೆದು ಬೆರಳಲ್ಲಿ ಒರೆಸಿದರೆ ಹಕ್ಕಿ ಹೊರಟುಹೋಗುತ್ತದೆ.

“ಇದು ನಮ್ಮಮ್ಮ ಕುದಿಸಿದ್ದು. ಅವಳು ಹೋದಮೇಲೆ ಉಳಿದಿರೋದು ಇದೊಂದೇ. ಇಷ್ಟು ವರ್ಷ ಮುಟ್ಟೋಕೆ ಮನಸ್ಸು ಬರಲಿಲ್ಲ, ಹೋದಲ್ಲೆಲ್ಲ ಹೊತ್ಕೊಂಡು ತಿರುಗ್ತೀನಿ. ಹೋದ ವಸಂತದಲ್ಲಿ ಮಳೆ ಇಲ್ಲದೆ ಸೊಪ್ಪು ಬರಲಿಲ್ಲ, ನಾನು ಮಾಡಿಟ್ಟದ್ದು ಮುಗಿದುಹೋಯ್ತು. ಶನಿವಾರ ನಿಮ್ಮೆಲ್ಲರ ಮುಂದೆ ಇದನ್ನೇ ತೇಯ್ತೀನಿ. ಅಮ್ಮನ ಹಕ್ಕೀನ ಅಮ್ಮನ ಬಣ್ಣದಲ್ಲೇ ಬರೀಬೇಕು ಅಂತ ಗಟ್ಟಿ ಮನಸ್ಸು ಮಾಡಿ ಬಂದಿದೀನಿ.”

ಅವರು ಗಂಟನ್ನು ಮತ್ತೆ ಕಟ್ಟಿ, ಸಿಂಕಿನ ನೀರು ಸಿಡಿಯದ, ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ತಾವೇ ಇಟ್ಟರು. ನಾವಿಬ್ಬರೂ ಸ್ಟುಡಿಯೋಗೆ ಹೊರಟೆವು. ಹೊರಡುವಾಗ ಅತ್ತೆ ಬಾಗಿಲಿಗೆ ಬಂದು, ಆ ವಾರವೆಲ್ಲ ಹೇಳುತ್ತಿದ್ದುದನ್ನು ಇನ್ನೊಮ್ಮೆ ಹೇಳಿದರು.

“ಹುಣಸಿಹಣ್ಣ ತಾ. ಬಾಟ್ಲಿದು ಬ್ಯಾಡ. ಹಳೇದು, ಕರೇದು, ಉಂಡಿ ಕಟ್ಟಿದ್ದು. ಸಂಜಿಗೆ ಗಡಿಗಿ ಅಕ್ಕಗ ಖಿಚಡಿ ಖಟ್ಟಾ ಮಾಡ್ತೀನಿ.”

ತರುತ್ತೇನೆ ಎಂದೆ. ಮರೆಯಲೂ ಇಲ್ಲ. ಸಂಜೆ ಬರುವಾಗ ಫ್ರೀಮಾಂಟಿನ ಗ್ರೋಸರಿಗೆ ಕಾರು ತಿರುಗಿಸಿ, ಹಳೆಯ, ಕರಿಯ, ಉಂಡೆ ಕಟ್ಟಿದ ಹುಣಸೆಹಣ್ಣನ್ನೇ ಹುಡುಕಿ ತಂದೆ. ಮನೆಗೆ ಬಂದಾಗ ಸೂರ್ಯ ಮುಳುಗಲು ಸ್ವಲ್ಪವೇ ಹೊತ್ತಿತ್ತು. ಅತ್ತೆ ಒಲೆಯ ಕಡೆ ತಿರುಗಿ ಭಜಿ ಕರಿಯುತ್ತಿದ್ದರು. ಹುಣಸೆಹಣ್ಣಿನ ಚೀಲವನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಓಡಿದೆ. ಗಡಿಗೆ ಅಕ್ಕನೂ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ನಿಮ್ಮ ಜೊತೆಗೇ ತಿನ್ನುತ್ತೇನೆ ಎಂದಿದ್ದರು.

ಖಟ್ಟಾ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಣಸೆಯ ರಸಕ್ಕೆ ಸುಟ್ಟ ಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಉಪ್ಪು, ಮೇಲೊಂದು ಒಗ್ಗರಣೆ. ಕುದಿಸುವುದಿಲ್ಲ. ಬಿಸಿ ಖಿಚಡಿಯ ಮೇಲೆ ಸುರಿದುಕೊಂಡರೆ ಹಲ್ಲು ಜುಮ್ಮೆನ್ನಬೇಕು, ಆಗ ಅದು ಖಟ್ಟಾ. ಇನ್ನೊಂದು ವಿಷಯ ಹೇಳಬೇಕು. ರೋಜಾ ಇರುವವರು ಅಡುಗೆ ಮಾಡುವಾಗ ರುಚಿ ನೋಡುವುದಿಲ್ಲ. ಅತ್ತೆ ಉಪ್ಪನ್ನು ಕೈಯ ಅಂದಾಜಿನಲ್ಲಿ ಹಾಕುತ್ತಾರೆ, ಹುಳಿಯನ್ನು ರಸದ ಬಣ್ಣ ನೋಡಿ ತೀರ್ಮಾನಿಸುತ್ತಾರೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿದವರಲ್ಲ.

ಖರ್ಜೂರ ತಿಂದು ನೀರು ಕುಡಿದು ನಾವು ನಾಲ್ವರೂ ಊಟಕ್ಕೆ ಕೂತೆವು. ನಾನು ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪಿದೆ, ಖಾರವಿದೆ, ಹುಳಿ ಇಲ್ಲ. ಹುಳಿಯ ಜಾಗದಲ್ಲಿ ಬೇಯಿಸಿದ ಸೊಪ್ಪಿನಂಥ ಒಂದು ಒಗರು. ಅತ್ತೆಯ ಹುಬ್ಬು ಗಂಟಿಕ್ಕಿತ್ತು.

“ದಾದಿ, ದಿಸ್ ಖಟ್ಟಾ ಈಸ್ ನಾಟ್ ಖಟ್ಟಾ” ಎಂದು ಮಗಳು ಎದ್ದು, ಹಿತ್ತಲಿನ ಗಿಡದಿಂದ ನಿಂಬೆಹಣ್ಣು ಕಿತ್ತು ತರಲು ಹೊರಟಳು.

“ಏನ್ ಹುಣಸಿ ತಂದೀಯವಾ ನೀ? ಹುಳೀನ ಇಲ್ಲ ಇದಕ್ಕ” ಎಂದರು ಅತ್ತೆ ನನ್ನ ಕಡೆ ನೋಡಿ.

“ಹುಣಸೆ ನಾನು ಈಗ ತಾನೇ ತಂದಿದ್ದು ಅತ್ತೆ, ಚೀಲ ಇನ್ನೂ ಒಲೆ ಕಟ್ಟೆ ಮೇಲಿದೆ. ನೀವು ಯಾವ ಹುಣಸೆ ಹಾಕಿದ್ರಿ?”

“ಕಿಟಕ್ಯಾಗ ಇಟ್ಟಿದ್ದಿಲ್ಲ, ಸಿಪ್ಪ್ಯಾಗ ಕಟ್ಟಿದ್ದು? ನೀ ಮೊದಲ ತಂದಿಟ್ಟೀ ಅಂತ ತಿಳಕೊಂಡೆ.”

ನಾನು ಕಿಟಕಿಯ ಕಡೆ ನೋಡಿದೆ. ಕಟ್ಟೆ ಖಾಲಿ. ಪಕ್ಕದಲ್ಲಿ ಜೋಳದ ಸಿಪ್ಪೆಯನ್ನು ಅತ್ತೆ ನೀಟಾಗಿ ಮಡಿಸಿಟ್ಟಿದ್ದರು. ಗಟ್ಟಿ ದಾರ ಸುಮ್ಮನೆ ಹಾಳಾಗಬಾರದೆಂದು ಅದನ್ನೂ ಸುತ್ತಿಟ್ಟಿದ್ದರು. ಆ ಕ್ಷಣದಲ್ಲಿ ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ, ಅದನ್ನು ಬಚ್ಚಿಟ್ಟು ಏನು ಪ್ರಯೋಜನ. ಬಾಯಿ ತೆರೆದರೆ ಏನು ಬರುತ್ತಿತ್ತೋ. ಆದರೆ ಗಡಿಗೆ ಅಕ್ಕ ಆಗಲೇ ಸಿಪ್ಪೆಯನ್ನು ನೋಡಿದ್ದರು. ಕನ್ನಡ ಬರದಿದ್ದರೂ ಎಲ್ಲ ತಿಳಿದಿತ್ತು.

ಅವರು ಚಮಚ ಕೆಳಗಿಟ್ಟರು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಉಳಿದ ಖಟ್ಟಾವನ್ನು ನಿಧಾನವಾಗಿ ಕುಡಿದರು. ಕೆಳಗಿಟ್ಟಾಗ ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ನಗು.

“ಅಮ್ಮನ ಸೊಪ್ಪಿನ ಸಾರು” ಎಂದರು. “ಚಿಕ್ಕವಳಿದ್ದಾಗ ಬಣ್ಣ ಕುದಿಸೋ ದಿನ ಮೊದಲು ನಮಗೆಲ್ಲ ಒಂದೊಂದು ಬಟ್ಟಲು ಕೊಡ್ತಿದ್ಲು. ಆ ರುಚಿ ಮರೆತೇ ಹೋಗಿತ್ತು. ಇವತ್ತು ನಮ್ಮಮ್ಮ ನಿಮ್ಮನೆಗೆ ಬಂದು ನನಗೆ ಊಟ ಹಾಕಿದ್ಲು. ನಿಮಗೂ ಹಾಕಿದ್ಲು.”

ನಾನು ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ಅದು ಏನು, ಯಾರು ಕುದಿಸಿದ್ದು, ಯಾಕೆ ಇಟ್ಟಿದ್ದು. ಅತ್ತೆ ತುತ್ತು ಹಿಡಿದ ಕೈಯನ್ನು ಹಾಗೇ ತಟ್ಟೆಗೆ ಇಳಿಸಿದರು. “ತೋಬಾ ತೋಬಾ” ಎಂದರು ಮೆಲ್ಲಗೆ. ಆಮೇಲೆ ಎದ್ದು ಗಡಿಗೆ ಅಕ್ಕನ ಪಕ್ಕಕ್ಕೆ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು.

“ನಿಮ್ಮವ್ವನ ಗಂಟ ಬಿಚ್ಚಿ ಕಿವುಚಿ ಕುಡಿಸಿಬಿಟ್ಟೆ ನಾ. ಮಾಫ್ ಮಾಡವಾ.”

ಇಷ್ಟು ಹೇಳಿ ಅವರು ಗಳಗಳ ಅಳತೊಡಗಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಿಂಬೆಹಣ್ಣು ಹಿಡಿದು ಬಂದ ಮಗಳು ಬಾಗಿಲಲ್ಲೇ ನಿಂತು, “ವಾಟ್ ಹ್ಯಾಪನ್ಡ್?” ಎಂದು ಮೂವರ ಮುಖವನ್ನೂ ನೋಡಿದಳು.

ಅತ್ತೆ ಅಳುವುದನ್ನು ನಡುವೆಯೇ ನಿಲ್ಲಿಸಿದರು. ಏನೋ ಹೊಳೆದವರಂತೆ ಫ್ರಿಜ್ಜಿನ ಕಡೆ ಹೋಗಿ ಒಂದು ಸ್ಟೀಲಿನ ಪಾತ್ರೆ ತಂದರು. ಬೆಳಗಾಗುವ ಮುಂಚಿನ ಸೆಹ್ರಿ ಊಟಕ್ಕೆಂದು ಅರ್ಧ ರಸವನ್ನು ಬೇರೆ ತೆಗೆದಿಟ್ಟಿದ್ದರು. ಗಡಿಗೆ ಅಕ್ಕ ಅದನ್ನು ಮೂಸಿ ನೋಡಿದರು, ಬೆರಳದ್ದಿ ನೋಡಿದರು.

“ಉಪ್ಪು ಹಾಕಿದಾರಾ ಕೇಳಿ.”

“ಇದಕ್ಕ ಏನೂ ಹಾಕಿಲ್ಲ, ಬರೇ ನೀರು.”

ಮತ್ತೆ ಕಾಸಿ ಗಟ್ಟಿ ಮಾಡಬಹುದು ಎಂದರು ಗಡಿಗೆ ಅಕ್ಕ. ಆದರೆ ಒಮ್ಮೆ ಕರಗಿಸಿ ಮತ್ತೆ ಕಾಸಿದ್ದನ್ನು ಅವರು ಯಾವತ್ತೂ ಮಡಕೆಗೆ ಹಚ್ಚಿರಲಿಲ್ಲ. ಹಿಡಿಯುತ್ತದೋ ಬಿಡುತ್ತದೋ ಬೆಂಕಿಯೇ ಹೇಳಬೇಕು. ಇದನ್ನು ಕೇಳಿ ಅತ್ತೆ ಕಣ್ಣೊರೆಸಿಕೊಂಡು ಸೊಂಟಕ್ಕೆ ಸೆರಗು ಸಿಗಿಸಿದರು.

“ಆ ಹಕ್ಕಿ ಕರ್ರಗ ಬರೋತನಕಾ ನಾ ಖಟ್ಟಾ ಮಾಡಂಗಿಲ್ಲ” ಎಂದರು.

ಶುಕ್ರವಾರ ಬೆಳಕು ಹರಿಯುತ್ತಿದ್ದಂತೆ ನಮ್ಮ ಅಡುಗೆಮನೆಯಲ್ಲಿ ಕಾಸುವ ಕೆಲಸ ಶುರುವಾಯಿತು. ನಾನು ಆಫೀಸಿಗೆ ರಜೆ ಹಾಕಿದೆ. ಇಂಥದ್ದು ಬಿಟ್ಟು ಯಾವ ಮೀಟಿಂಗು? ಅತ್ತೆ ಬೆಲ್ಲದ ಪಾಕ ಕಾಯುವ ಹಾಗೆ ಸಣ್ಣ ಉರಿಯ ಮುಂದೆ ನಿಂತರು. ಗಡಿಗೆ ಅಕ್ಕ ಪಕ್ಕದಲ್ಲಿ. ಇಬ್ಬರ ನಡುವೆ ಒಂದು ಭಾಷೆಯೂ ಇಲ್ಲ, ಆದರೂ ಉರಿ ಹೆಚ್ಚಾಯಿತು, ತಳ ಹಿಡಿಯುತ್ತದೆ, ಸೌಟು ಬೇಡ ಮರದ ಚಮಚ ತೆಗೆದುಕೋ ಎಂಬುದೆಲ್ಲ ಕೈಸನ್ನೆಯಲ್ಲೇ ನಡೆಯಿತು. ಮನೆಯೆಲ್ಲ ಸೊಪ್ಪು ಬೇಯಿಸಿದ ವಾಸನೆ. ಕೊನೆಗೆ ಪಾತ್ರೆಯ ತಳದಲ್ಲಿ ಉಳಿದ ಕಪ್ಪು ಲೇಹವನ್ನು ಅದೇ ಹಳೆಯ ಸಿಪ್ಪೆಯ ಮೇಲೆ ಹರಡಿ, ಹಿತ್ತಲಿನ ಡೆಕ್ಕಿನ ಮೇಲೆ ಬಿಸಿಲಿಗಿಟ್ಟರು.

ಯೂನಿಯನ್ ಸಿಟಿಯ ಕಾಗೆಗಳಿಗೆ ನಾಚಿಕೆ ಎಂಬುದಿಲ್ಲ. ಬೇಲಿಯ ಮೇಲೆ ಸಾಲಾಗಿ ಬಂದು ಕೂತವು. ಅತ್ತೆ ಕುರ್ಚಿ ತರಿಸಿಕೊಂಡು, ಮೊಮ್ಮಗಳ ಬ್ಯಾಡ್ಮಿಂಟನ್ ರ‍್ಯಾಕೆಟ್ಟನ್ನು ಕೈಯಲ್ಲಿ ಹಿಡಿದು, ಸಂಡಿಗೆ ಕಾಯುವಂತೆ ಕೂತುಬಿಟ್ಟರು. ಉಪವಾಸದ ಬಾಯಿ, ಬಿಸಿಲು, ಒಳಗೆ ಬನ್ನಿ ನಾನು ನೋಡಿಕೊಳ್ಳುತ್ತೇನೆ ಎಂದರೆ ಕೇಳಲಿಲ್ಲ. ನಮಾಜಿಗೆ ಎದ್ದಾಗ ಮಾತ್ರ ರ‍್ಯಾಕೆಟ್ಟು ನನ್ನ ಕೈಗೆ ಬರುತ್ತಿತ್ತು.

“ಅಕಿ ಹಕ್ಕಿ ಬರೀಬೇಕು, ಅದನ್ನ ಈ ಹಕ್ಕಿ ತಿಂದುಬಿಟ್ರ?” ಎಂದು ಕೇಳಿದರು.

ಶನಿವಾರ ಸ್ಟುಡಿಯೋದಲ್ಲಿ ಗಡಿಗೆ ಅಕ್ಕ ಆ ಹೊಸ ಉಂಡೆಯ ಚೂರನ್ನು ನೀರಿನ ಹನಿಯೊಂದಿಗೆ ಕಲ್ಲಿನ ಮೇಲೆ ಇಟ್ಟು, ಕರಿ ಕಲ್ಲನ್ನು ತೇಯತೊಡಗಿದರು. ಗರಗರ ಸದ್ದು. ಬಣ್ಣ ಕಂದಾಗಿ, ಕಡುವಾಗಿ, ಕೊನೆಗೆ ಕೀಲೆಣ್ಣೆಯಂತಾಯಿತು. ಮುಂದೆ ಒಂದು ಹೊಸ ಮಡಕೆ, ಇನ್ನೂ ಸುಡದ್ದು, ಬೂದು ಬಣ್ಣ, ಕಲ್ಲಿನಲ್ಲಿ ಉಜ್ಜಿ ಉಜ್ಜಿ ಹೊಳಪು ಬಂದಿತ್ತು. ಪೆನ್ಸಿಲ್ ಗುರುತಿಲ್ಲ, ಅಳತೆ ಪಟ್ಟಿಯಿಲ್ಲ. ಬೆರಳನ್ನು ಮಡಕೆಯ ಮೇಲೆ ಇಟ್ಟು ಅಂತರ ನೋಡಿಕೊಂಡರು, ಅಷ್ಟೇ. ಕುಂಚ ಮುಟ್ಟಿಸಿ ಮಡಕೆಯನ್ನು ತಿರುಗಿಸುತ್ತ ಹೋದರು. ಮೊದಲು ಬಾಗಿದ ರೆಕ್ಕೆ, ಅದರ ಪಕ್ಕ ಕೂದಲೆಳೆಯಷ್ಟು ಸಣ್ಣ ಗೆರೆಗಳ ಸಾಲು, ಆಮೇಲೆ ಬಾಲದ ಗರಿಗಳು. ಗೆರೆ ಎಳೆಯುವಾಗ ಅವರು ಉಸಿರು ಬಿಡುತ್ತಿರಲಿಲ್ಲ, ನೋಡುವ ನಾನೂ ಬಿಡುತ್ತಿರಲಿಲ್ಲ. ತಲೆ ಸುತ್ತುವ ಹಾಗಾಯಿತು. ಎದ್ದು ಕುಣಿಯಬೇಕೆನಿಸುವಷ್ಟು ಖುಷಿಯಾಗಿತ್ತು ನನಗೆ, ಜೊತೆಗೆ ಬಣ್ಣ ಹಿಡಿಯದಿದ್ದರೆ ಎಂಬ ಭಯ.

ಅವರ ಜನ ತಲೆಮಾರುಗಳ ಹಿಂದೆ ಬೇರೆ ನದಿಯ ದಡದಿಂದ ಹೋಪಿಗಳ ನಾಡಿಗೆ ವಲಸೆ ಬಂದವರಂತೆ. ಸುತ್ತ ಎಲ್ಲ ಹೋಪಿ ಮಾತು, ಆದರೂ ಅವರ ಊರಿನಲ್ಲಿ ತಮ್ಮ ಟೇವಾ ನುಡಿ ಉಳಿದಿದೆ. ಈ ಸಾಲು ಸಾಲು ರೆಕ್ಕೆಗಳು ಹೀಗೆ ಹೊರಟು ಬಂದವರ ಗುರುತು ಎಂದು ಅವರಮ್ಮ ಹೇಳುತ್ತಿದ್ದರಂತೆ. “ನನ್ನ ಮೊಮ್ಮಕ್ಕಳಿಗೂ ನಿಮ್ಮ ಮಗಳ ಹಾಗೇ, ಎಲ್ಲ ಅರ್ಥ ಆಗುತ್ತೆ, ಮಾತಾಡೋದು ಇಂಗ್ಲಿಷು” ಎಂದು ಹೇಳಿ ಮುಂದಿನ ಗರಿಗೆ ಕುಂಚ ಅದ್ದಿದರು.

ನಾವೂ ನಮ್ಮ ನಮ್ಮ ಬಟ್ಟಲುಗಳಿಗೆ ಒಂದೊಂದು ಹಕ್ಕಿ ಬರೆದೆವು. ನನ್ನದನ್ನು ಮನೆಗೆ ತಂದು ತೋರಿಸಿದಾಗ ಅತ್ತೆ, “ಇದಂತೂ ಖರೇನ ಹಕ್ಕಿ ಅಲ್ಲ” ಎಂದರು.

ಭಾನುವಾರ ಪ್ಲೆಸೆಂಟನ್ ಹಿಂದಿನ ಗುಡ್ಡದಲ್ಲಿ, ನಮ್ಮ ಜೊತೆ ಕಲಿಯುವವರೊಬ್ಬರ ಜಮೀನಿನಲ್ಲಿ, ಅನುಮತಿ ಪಡೆದು ಬೆಂಕಿ ಹಾಕಿದೆವು. ಗುಡ್ಡ ಹಸಿರಾಗಿತ್ತು, ಗಾಳಿ ಕಡಿಮೆಯಿತ್ತು. ಕಟ್ಟಿಗೆಯ ಕೆಂಡದ ಮೇಲೆ ಮಡಕೆಗಳನ್ನು ಜೋಡಿಸಿ, ಹೊಗೆ ತಾಗದಂತೆ ಹಳೆಯ ಒಡಕು ಚೂರುಗಳನ್ನು ಮುಚ್ಚಿ, ಸುತ್ತಲೂ ಮೇಲೂ ಕುರಿಹಿಕ್ಕೆಯ ಹೆಂಟೆಗಳಿಂದ ಗೂಡು ಕಟ್ಟಿದರು. ಅತ್ತೆ ಮೊದಲು ಕಾರಿನಿಂದ ಇಳಿಯಲೇ ಒಪ್ಪಲಿಲ್ಲ. ಹೆಂಟೆಗೆ ಬೆಂಕಿ ಹಿಡಿದು ಆ ಹೊಗೆ ಕಾರಿನ ತನಕ ಬಂದ ಮೇಲೆ ತಡೆಯಲಾಗದೆ ಇಳಿದು ಬಂದು, ಒಂದು ಕಲ್ಲಿನ ಮೇಲೆ ಕೂತು ತಸ್ಬಿಯ ಜಪಮಣಿ ಎಣಿಸತೊಡಗಿದರು.

ಕಾಯುವುದು ನನ್ನ ಜಾತಕದಲ್ಲಿಲ್ಲ. ಆಯಿತಾ, ತೆಗೆಯೋಣವಾ ಎಂದು ಕೇಳಿ ಕೇಳಿ ಗಡಿಗೆ ಅಕ್ಕನ ತಲೆ ತಿಂದೆ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಗಾಳಿ ತಾಗಿ ಬಿರಿಯುತ್ತದೆ ಎಂದು ಅವರು ನನ್ನನ್ನು ದೂರ ಕೂರಿಸಿದರು. ಗೂಡು ಕೆಂಪಾಗಿ, ಬೂದಿಯಾಗಿ, ಕುಸಿಯಿತು. ಕೊನೆಗೊಮ್ಮೆ ಅವರು ಉದ್ದನೆಯ ಕೋಲಿನಿಂದ ಬೂದಿ ಸರಿಸಿ, ಒಡಕು ಚೂರುಗಳನ್ನು ಎತ್ತಿ, ಮಡಕೆಯನ್ನು ಹುಲ್ಲಿನ ಮೇಲೆ ಉರುಳಿಸಿ ನಿಲ್ಲಿಸಿದರು.

ಬೂದು ಬಣ್ಣ ಹೋಗಿ ಜೇನಿನ ಬಣ್ಣ ಬಂದಿತ್ತು. ಒಂದು ಮಗ್ಗುಲಲ್ಲಿ ಬೆಂಕಿ ನಾಲಗೆ ಚಾಚಿದ ಕಡೆ ಕೆಂಪು ಛಾಯೆ. ಗೆರೆಗಳ ಮೇಲೆ ಬೂದಿ ಕೂತಿದ್ದರಿಂದ ಬಣ್ಣ ಕಾಣುತ್ತಿರಲಿಲ್ಲ. ಆರುವ ತನಕ ಕಾದೆವು. ಗಡಿಗೆ ಅಕ್ಕ ತಾವು ಮುಟ್ಟದೆ, ಅತ್ತೆಯನ್ನು ಕೈಹಿಡಿದು ಕರೆತಂದರು.

“ನೀವೇ ಒರೆಸಿ ನೋಡಿ” ಎಂದರು.

ಅತ್ತೆ ನನ್ನ ಮುಖ ನೋಡಿದರು. ನಾನು ಹೇಳಿದ್ದನ್ನು ಕೇಳಿ ಬಿಸ್ಮಿಲ್ಲಾ ಎಂದು ಬಗ್ಗಿ, ಹೆಬ್ಬೆರಳಿನಿಂದ ಒಂದು ಗರಿಯನ್ನು ಒರೆಸಿದರು. ಬೂದಿ ಹೋಯಿತು. ಗರಿ ಉಳಿಯಿತು. ಇನ್ನೂ ಬಲವಾಗಿ ಉಜ್ಜಿದರು. ಸೆರಗಿನ ತುದಿ ಹಿಡಿದು ತಿಕ್ಕಿದರು. ಕಪ್ಪು ಕಪ್ಪಾಗಿಯೇ ಇತ್ತು. ಹೆಬ್ಬೆರಳನ್ನು ಕಣ್ಣ ಹತ್ತಿರ ತಂದು ತಿರುಗಿಸಿ ನೋಡಿಕೊಂಡರು, ಬೂದಿಯಷ್ಟೇ. ಗಡಿಗೆ ಅಕ್ಕ ಅಲ್ಲೇ ಹುಲ್ಲಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಮಗಳನ್ನು ತಬ್ಬಿಕೊಂಡು ಕುಣಿದೆ. ಅವಳಿಗೆ ಎಲ್ಲರೆದುರು ನಾಚಿಕೆಯಾಯಿತಂತೆ, ಆಗಲಿ.

ಅತ್ತೆ ಮಾತ್ರ ನಿಂತಲ್ಲೇ ನಿಂತು, ನೆಲದ ಮೇಲಿದ್ದ ಮಡಕೆಯನ್ನು ಮೇಲಿನಿಂದ ನೋಡುತ್ತಿದ್ದರು. ಅಲ್ಲಿಂದ ನೋಡಿದರೆ ಮಡಕೆಯ ಬಾಯಿಯ ಸುತ್ತ ಹೆಗಲೆಲ್ಲ ಒಂದೇ ಸಲಕ್ಕೆ ಕಾಣುತ್ತದೆ. ರೆಕ್ಕೆ ರೆಕ್ಕೆಗೆ ಸೇರುತ್ತದೆ, ಬಾಲ ಬಿಚ್ಚಿಕೊಳ್ಳುತ್ತದೆ. ಮನೆಯಲ್ಲಿದ್ದ ಮಡಕೆಯನ್ನು ನಾವು ಬೀರುವಿನ ಮೇಲಿಟ್ಟು ಮಗ್ಗುಲಿನಿಂದ ನೋಡಿದ್ದೆವು.

“ಅಯ್ಯ, ಇಲ್ಲೈತಲ್ಲ ಹಕ್ಕಿ” ಎಂದರು ಅತ್ತೆ. “ಎಷ್ಟ್ ದೊಡ್ಡದೈತಿ.” ಆಮೇಲೆ ನನ್ನ ಕಡೆ ತಿರುಗಿ, “ಹಂಗಾರ ನನ್ನ ಕೋಣ್ಯಾಗ ಇಟ್ಟೀರಲ್ಲ, ಆ ಗಡಿಗಿ ಇವತ್ತ ತೆಗೀರಿ” ಎಂದರು.

ಸೋಮವಾರ ಹೊರಡುವ ಮೊದಲು ಗಡಿಗೆ ಅಕ್ಕ ಉಳಿದ ಉಂಡೆಯನ್ನು ನಮ್ಮ ಅಡುಗೆಮನೆಯಲ್ಲಿ ಚಾಕುವಿನಿಂದ ಎರಡು ಮಾಡಿದರು. ಅಮ್ಮನ ಕೈಯೂಟ ಉಂಡವರು ನೀವು, ಅರ್ಧ ನಿಮ್ಮದು ಎಂದರು. ಬೇಡ ಎಂದರೂ ಕೇಳಲಿಲ್ಲ. ತಮ್ಮ ಪಾಲನ್ನು ಹಳೆಯ ಸಿಪ್ಪೆಯಲ್ಲಿ ಸುತ್ತಿ, ಅತ್ತೆ ಸುತ್ತಿಟ್ಟಿದ್ದ ಅದೇ ದಾರದಿಂದ ಕಟ್ಟಿಕೊಂಡರು. ನಮ್ಮ ಪಾಲು ಒಂದು ಡಬ್ಬಿಗೆ ಹೋಯಿತು. ಅದರ ಮೇಲೆ ಅತ್ತೆ ತಮ್ಮ ದುಂಡು ಅಕ್ಷರಗಳಲ್ಲಿ ‘ಹುಣಸಿ ಅಲ್ಲ’ ಎಂದು ಬರೆದು ಅಂಟಿಸಿ, ಮಸಾಲೆ ಡಬ್ಬಿಗಳಿಂದ ದೂರ, ತಮ್ಮ ಬೀರುವಿನಲ್ಲೇ ಇಟ್ಟುಕೊಂಡರು.

ಈ ಸಲದ ರಂಜಾನಿನಲ್ಲಿ ಗಡಿಗೆ ಅಕ್ಕ ಫೋನು ಮಾಡಿದ್ದರು. ಅವರ ಪಾಲು ಪೂರ್ತಿ ಮುಗಿಯಿತಂತೆ. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಒಮ್ಮೆ ಶುರುಮಾಡಿದ ಮೇಲೆ ಕೈ ನಿಲ್ಲಲಿಲ್ಲ, ಒಂದರ ಹಿಂದೆ ಒಂದು ಹಕ್ಕಿ ಬರೆದೆ ಎಂದು ನಗುತ್ತ ಹೇಳಿದರು. ಈಗ ಒಂದು ದೊಡ್ಡ ಮಡಕೆ ಅರ್ಧಕ್ಕೆ ನಿಂತಿದೆ, ಒಂದು ರೆಕ್ಕೆ ಬಾಕಿ. ಹೊಸ ಸೊಪ್ಪು ಬಂದ ಮೇಲೆ ನೋಡೋಣ ಎಂದರು. ದನಿ ನಗುತ್ತಿತ್ತು, ಆದರೆ ಆ ರೆಕ್ಕೆಯ ಮಾತನ್ನು ಎರಡು ಸಲ ಹೇಳಿದರು.

ಅತ್ತೆಗೆ ಹೇಳಿದೆ. ಅವರು ಎದ್ದು ಹೋಗಿ ಬೀರುವಿನಿಂದ ಡಬ್ಬಿ ತಂದರು.

“ಅಕಿ ಅವ್ವಂದು, ಅಕಿಗೇ ಹೋಗ್ಲಿ. ರೆಕ್ಕಿ ಅರ್ಧಕ್ಕ ನಿಲ್ಲಿಸಬಾರ್ದು. ನಾಳೆ ಬೆಳಿಗ್ಗೆ ಪೋಸ್ಟಿಗೆ ಹಾಕು.”

ಜೋಳದ ಸಿಪ್ಪೆ ಎಲ್ಲಿಂದಲೋ ಹುಡುಕಿಸಿ ತರಿಸಿದರು. ಸುತ್ತುವ ಮೊದಲು ಉಂಡೆಯ ಅಂಚಿನಿಂದ ಉಗುರಿನಷ್ಟು ಚೂರು ಮುರಿದು, ಸಂಜೆಗೆಂದು ನೆನೆಸಿಟ್ಟಿದ್ದ ಹುಣಸೆಯ ನೀರಿಗೆ ಹಾಕಿ ಕಿವುಚಿದರು. ನಾನು ನೋಡಿದೆ.

ಆ ಸಂಜೆಯ ಖಟ್ಟಾದಲ್ಲಿ ಸ್ವಲ್ಪ ಒಗರಿತ್ತು. ಮಗಳು ಒಂದು ತುತ್ತು ತಿಂದು ದಾದಿಯ ಮುಖ ನೋಡಿದಳು. “ಇನ್ನ ಸ್ವಲ್ಪ ಹಾಕು ದಾದಿ” ಎಂದಳು, ಕನ್ನಡದಲ್ಲಿ. ಯಾರೂ ನಿಂಬೆಹಣ್ಣು ಕೇಳಲಿಲ್ಲ.